ಪ್ಲೇಯರ್‌ಗೆ ಹಾಡು ತುಂಬಲು ಐಟ್ಯೂನ್ಸ್ ಬಿಟ್ಟು ಬೇರೇನಿದೆ? ಯಾವ ಪ್ಲೇಯರ್‌ಗೆ ಯಾವ ಸಾಫ್ಟ್‌ವೇರ್

ಹಾಡು ತುಂಬಲು ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂಬ ಪ್ರಶ್ನೆಗೆ, ಕೈಯಲ್ಲಿರುವ ಪ್ಲೇಯರ್ ಯಾವುದೆಂದು ಗೊತ್ತಾಗದೆ ಉತ್ತರ ಹೇಳಲಾಗುವುದಿಲ್ಲ. ಐಪಾಡ್ ಕ್ಲಾಸಿಕ್‌ಗೆ ಚೆನ್ನಾಗಿ ಒಗ್ಗುವ ಪ್ರೋಗ್ರಾಂ ಆಂಡ್ರಾಯ್ಡ್ ಪ್ಲೇಯರ್‌ಗೆ ಉಪಯೋಗಕ್ಕೆ ಬಾರದಿರಬಹುದು. ಮೆಮೊರಿ ಕಾರ್ಡ್ ಹಾಕಿಕೊಳ್ಳುವ ಪುಟ್ಟ ಪ್ಲೇಯರ್‌ಗೆ ಅಂಥ ಪ್ರೋಗ್ರಾಂ ಬೇಕಾಗದೆಯೂ ಇರಬಹುದು. ಆದ್ದರಿಂದ ನಿಮ್ಮ ಪ್ಲೇಯರ್ ತನ್ನೊಳಗಿನ ಹಾಡುಗಳನ್ನು ಹೇಗೆ ಪತ್ತೆಹಚ್ಚುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಅಷ್ಟು ಗೊತ್ತಾದರೆ ಮುಂದೆ ಬರುವ ಹೆಸರುಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನೀವೇ ಬದಿಗಿಡಬಹುದು.

ಮೊದಲು ಕೇಬಲ್ ಜೋಡಿಸಿ ನೋಡಿ

ಪ್ಲೇಯರನ್ನು ಕಂಪ್ಯೂಟರ್‌ಗೆ ಜೋಡಿಸಿ. ಪೆನ್‌ಡ್ರೈವ್ ತೆರೆದುಕೊಂಡಂತೆ ತೆರೆದು, ನೀವು ಹಾಕಿದ ಫೋಲ್ಡರ್‌ಗಳು ಹೆಸರಿನ ಸಮೇತ ಕಂಡರೆ ಅದು ಸಾದಾ ಡಿಸ್ಕ್ ಮಾದರಿ, ಅಂದರೆ ಮಾಸ್ ಸ್ಟೋರೇಜ್. ವಿಂಡೋಸ್‌ನಲ್ಲಿ ಡ್ರೈವ್ ಅಕ್ಷರವಿಲ್ಲದೆ ಬರೀ ಸಾಧನದ ಹೆಸರು ಕಾಣಿಸಿ, ಅದೇ ಪ್ಲೇಯರ್ ಮ್ಯಾಕ್‌ಗೆ ಜೋಡಿಸಿದಾಗ ಏನೂ ಕಾಣಿಸದಿದ್ದರೆ ಅದು ಎಂಟಿಪಿ ಮಾದರಿ. ಆಂಡ್ರಾಯ್ಡ್ ಆಧಾರಿತ ಪ್ಲೇಯರ್‌ಗಳು ಸಾಮಾನ್ಯವಾಗಿ ಹೀಗೇ. ಮೂರನೆಯದು ಹಳೆಯ ಐಪಾಡ್‌ಗಳದು. ಡ್ರೈವ್ ತೆರೆದುಕೊಳ್ಳುತ್ತದೆ, ಜಾಗ ತುಂಬಿದೆ ಎಂದೂ ತೋರಿಸುತ್ತದೆ, ಆದರೆ ಹಾಡುಗಳು ಕಣ್ಣಿಗೆ ಬೀಳುವುದಿಲ್ಲ. ಅಡಗಿಸಿಟ್ಟ ಫೈಲ್‌ಗಳನ್ನು ತೋರಿಸುವ ಆಯ್ಕೆ ಆನ್ ಮಾಡಿದರೆ ಐಪಾಡ್_ಕಂಟ್ರೋಲ್ ಎಂಬ ಫೋಲ್ಡರ್, ಅದರೊಳಗೆ ಮ್ಯೂಸಿಕ್, ಅದರೊಳಗೆ ಎಫ್00, ಎಫ್01 ಎಂಬ ಸಾಲು ಫೋಲ್ಡರ್‌ಗಳು, ಅವುಗಳೊಳಗೆ ನಾಲ್ಕಕ್ಷರದ ಅರ್ಥವಿಲ್ಲದ ಹೆಸರುಗಳ ಫೈಲ್‌ಗಳು ಸಿಗುತ್ತವೆ. ಐಪಾಡ್ ಡ್ರೈವ್ ಆಗಿ ತೆರೆಯದೇ ಇದ್ದರೆ ಐಪಾಡ್‌ಗೆ ಹಾಡು ತುಂಬುವ ಆಪಲ್‌ನದೇ ಪ್ರೋಗ್ರಾಂ ಆದ ಐಟ್ಯೂನ್ಸ್‌ನಲ್ಲಿ ಡಿಸ್ಕ್ ಬಳಕೆಯ ಆಯ್ಕೆಗೆ ಗುರುತು ಹಾಕಿ. ಇದು ಆನ್ ಆಗಿರದಿದ್ದರೆ ಬೇರೆ ಯಾವ ಪ್ರೋಗ್ರಾಂ ಕೂಡ ಆ ಐಪಾಡನ್ನು ಮುಟ್ಟಲಾರದು.

ಐಪಾಡ್ ಟಚ್ ಈ ಮೂರಕ್ಕೂ ಸೇರುವುದಿಲ್ಲ. ಅದರ ವಿಚಾರ ಮುಂದೆ ಬರುತ್ತದೆ.

ಐಪಾಡ್ ಯಾಕೆ ಬೇರೆ ಥರ

ಐಪಾಡ್‌ನ ಮೂಲ ಫರ್ಮ್‌ವೇರ್, ಅಂದರೆ ಅದನ್ನು ನಡೆಸುವ ಒಳಗಿನ ಸಾಫ್ಟ್‌ವೇರ್, ಡಿಸ್ಕ್‌ನಲ್ಲಿ ಯಾವ ಹಾಡುಗಳಿವೆ ಎಂದು ಹುಡುಕುವುದೇ ಇಲ್ಲ. ಐಟ್ಯೂನ್ಸ್‌ಡಿಬಿ ಎಂಬ ಒಂದೇ ಡೇಟಾಬೇಸ್ ಫೈಲ್ ಓದಿ, ಅದರಲ್ಲಿ ಬರೆದಿರುವಷ್ಟನ್ನೇ ತೋರಿಸುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಹುಡುಗ ತರಗತಿಯಲ್ಲಿ ಕೂತಿದ್ದರೂ ಲೆಕ್ಕಕ್ಕಿಲ್ಲ ಅನ್ನುವ ಹಾಗೆ. ಎಂಪಿ3 ಫೈಲನ್ನು ನೇರವಾಗಿ ಎಳೆದು ಹಾಕಿದರೆ ಜಾಗ ಖರ್ಚಾಗುತ್ತದೆಯೇ ಹೊರತು ಹಾಡು ಕಾಣಿಸದಿರುವುದಕ್ಕೆ ಇದೇ ಕಾರಣ. ಆದ್ದರಿಂದ ಐಟ್ಯೂನ್ಸ್‌ಗೆ ಬದಲಿಯಾಗಿ ಬರುವ ಪ್ರೋಗ್ರಾಂ ಈ ಡೇಟಾಬೇಸನ್ನು ಸರಿಯಾಗಿ ಬರೆಯಲೇಬೇಕು.

2007ರಲ್ಲಿ ಬಂದ ಐಪಾಡ್ ಕ್ಲಾಸಿಕ್ ಮತ್ತು ಮೂರನೇ ತಲೆಮಾರಿನ ನ್ಯಾನೋದಿಂದ ಆಪಲ್ ಈ ಡೇಟಾಬೇಸ್‌ಗೆ ಒಂದು ಸಹಿಯನ್ನೂ ಸೇರಿಸಿತು. ಪ್ರತಿ ಸಾಧನದ ಗುರುತು ಸಂಖ್ಯೆಯಿಂದ ಲೆಕ್ಕಹಾಕಿ ಬರುವ ಸಹಿ ಅದು. ಅದು ತಪ್ಪಾಗಿದ್ದರೆ ಐಪಾಡ್ ಯಾವ ದೋಷ ಸಂದೇಶವನ್ನೂ ಕೊಡದೆ "ಹಾಡುಗಳು: 0" ಎಂದು ತೋರಿಸುತ್ತದೆ. ಹಾಡುಗಳೆಲ್ಲ ಅಳಿಸಿಹೋದವು ಎಂದು ಗಾಬರಿಯಾಗಿ ರೀಸ್ಟೋರ್ ಮಾಡಿ, ಅಂದರೆ ಎಲ್ಲ ಅಳಿಸಿ ಹೊಸದರಂತೆ ಮಾಡಿಬಿಡುವವರೇ ಹೆಚ್ಚು. ಅವು ಡಿಸ್ಕ್‌ನಲ್ಲೇ ಇರುತ್ತವೆ, ಕೆಟ್ಟಿರುವುದು ಡೇಟಾಬೇಸ್ ಮಾತ್ರ. ಸಹಿಯನ್ನು ಸರಿಯಾಗಿ ಬರೆಯುವ ಪ್ರೋಗ್ರಾಂನಿಂದ ಒಂದು ಹಾಡು ಸೇರಿಸಿ ಉಳಿಸಿದರೆ ಸಾಮಾನ್ಯವಾಗಿ ಎಲ್ಲವೂ ಮರಳುತ್ತದೆ.

ಮಾದರಿಗಳ ಪ್ರಕಾರ ಹೇಳುವುದಾದರೆ, ಕ್ಲಾಸಿಕ್‌ಗೆ ಮೊದಲಿನ ದೊಡ್ಡ ಐಪಾಡ್‌ಗಳು, ಮಿನಿ, ನ್ಯಾನೋದ ಮೊದಲ ಎರಡು ತಲೆಮಾರುಗಳಿಗೆ ಐಪಾಡ್ ಬೆಂಬಲವಿರುವ ಯಾವ ಪ್ರೋಗ್ರಾಂ ಆದರೂ ನಡೆಯುತ್ತದೆ. ಕ್ಲಾಸಿಕ್, ನ್ಯಾನೋ 3 ಮತ್ತು 4ಕ್ಕೆ ಸಹಿ ಬರೆಯಬಲ್ಲ ಪ್ರೋಗ್ರಾಂ ಬೇಕು. ನ್ಯಾನೋ 5ರ ಸಹಿ ಇನ್ನೊಂದು ಬಗೆಯದು. ಒಂದು ಬಾರಿಯಾದರೂ ಐಟ್ಯೂನ್ಸ್‌ನಿಂದ ಸಿಂಕ್ ಆಗಿದ್ದರೆ (ಕಂಪ್ಯೂಟರ್‌ನ ಸಂಗ್ರಹದೊಂದಿಗೆ ಹೊಂದಿಸಿಕೊಂಡಿದ್ದರೆ) ಮಾತ್ರ ಅದರಿಂದ ಬೇಕಾದ ಮಾಹಿತಿ ತೆಗೆಯಲಾಗುತ್ತದೆ. ನ್ಯಾನೋ 6 ಮತ್ತು 7 ಇದ್ದವರು ಬದಲಿ ಹುಡುಕುತ್ತ ದಿನ ಕಳೆಯುವುದಕ್ಕಿಂತ ಐಟ್ಯೂನ್ಸ್ ಅಥವಾ ಮ್ಯಾಕ್‌ನ ಫೈಂಡರ್‌ನಲ್ಲೇ ಉಳಿಯುವುದು ಲೇಸು.

ಏನೇ ಪ್ರಯೋಗ ಮಾಡುವ ಮುನ್ನ ಐಪಾಡ್_ಕಂಟ್ರೋಲ್ ಒಳಗಿನ ಐಟ್ಯೂನ್ಸ್ ಎಂಬ ಫೋಲ್ಡರನ್ನು ಕಂಪ್ಯೂಟರ್‌ಗೆ ನಕಲು ಮಾಡಿಟ್ಟುಕೊಳ್ಳಿ. ಹಾಡುಗಳ ಹೋಲಿಕೆಯಲ್ಲಿ ಅದು ತುಂಬ ಚಿಕ್ಕದು. ಹೊಸ ಪ್ರೋಗ್ರಾಂ ಡೇಟಾಬೇಸ್ ಕೆಡಿಸಿದರೆ ಆ ಫೋಲ್ಡರನ್ನು ಮರಳಿ ಹಾಕಿದರೆ ಸಾಕು, ಅಲ್ಲಿಯವರೆಗೆ ಯಾವ ಹಾಡನ್ನೂ ಅಳಿಸಿರಬಾರದು ಅಷ್ಟೇ.

ಐಟ್ಯೂನ್ಸ್ ಬಿಡಲೇಬೇಕೇ

ಬೇಕಿಲ್ಲದವರೂ ಇದ್ದಾರೆ. ನಿಮ್ಮ ಸಂಗ್ರಹವೆಲ್ಲ ಎಂಪಿ3 ಅಥವಾ ಎಎಸಿ ಆಗಿದ್ದು, ಈಗಾಗಲೇ ಐಟ್ಯೂನ್ಸ್‌ನಲ್ಲಿ ಜೋಡಿಸಿಟ್ಟಿದ್ದರೆ, ಒಂದೇ ಕಂಪ್ಯೂಟರ್ ಬಳಸುತ್ತಿದ್ದರೆ ಬಿಡುವುದರಿಂದ ದೊಡ್ಡ ಲಾಭವಿಲ್ಲ. ವಿಂಡೋಸ್‌ನಲ್ಲಿ ಐಟ್ಯೂನ್ಸ್ ಇನ್ನೂ ಸಿಗುತ್ತದೆ. ಮ್ಯಾಕ್‌ನಲ್ಲಿ 2019ರ ಕ್ಯಾಟಲೀನಾದಿಂದ ಐಟ್ಯೂನ್ಸ್ ಹೋಗಿ, ಸಂಗ್ರಹದ ಕೆಲಸ ಮ್ಯೂಸಿಕ್ ಆಪ್‌ಗೂ ಸಿಂಕ್ ಕೆಲಸ ಫೈಂಡರ್‌ಗೂ ಹಂಚಿಹೋಯಿತು. ಹಳೆಯ ಐಪಾಡ್ ಜೋಡಿಸಿದರೆ ಫೈಂಡರ್‌ನ ಪಕ್ಕದ ಪಟ್ಟಿಯಲ್ಲಿ ಕಾಣಿಸುತ್ತದೆ.

ಬಿಡಲು ನಿಜವಾದ ಕಾರಣಗಳು ಎರಡು. ಒಂದು, ಫ್ಲ್ಯಾಕ್, ಅಂದರೆ ಗುಣಮಟ್ಟ ಕಳೆಯದೆ ಹಾಡನ್ನು ಅಡಕಿಸಿಡುವ ಫೈಲ್ ಮಾದರಿ. ಐಟ್ಯೂನ್ಸ್ ಆಗಲಿ ಮ್ಯಾಕ್‌ನ ಮ್ಯೂಸಿಕ್ ಆಪ್ ಆಗಲಿ ಫ್ಲ್ಯಾಕ್ ಫೈಲನ್ನು ಸಂಗ್ರಹಕ್ಕೆ ಸೇರಿಸಿಕೊಳ್ಳುವುದಿಲ್ಲ. ಎರಡು, ಒಂದು ಐಪಾಡ್ ಒಂದೇ ಲೈಬ್ರರಿಗೆ ಅಂಟಿಕೊಳ್ಳುವ ಪದ್ಧತಿ. ಬೇರೆ ಕಂಪ್ಯೂಟರ್‌ಗೆ ಜೋಡಿಸಿ ಸಿಂಕ್ ಕೊಟ್ಟರೆ, ಒಳಗಿರುವುದನ್ನು ಅಳಿಸಿ ಹೊಸದನ್ನು ತುಂಬಲೇ ಎಂದು ಕೇಳುತ್ತದೆ. ಗಮನಿಸದೆ ಒಪ್ಪಿಗೆ ಕೊಟ್ಟು ಸಂಗ್ರಹ ಕಳೆದುಕೊಳ್ಳುವುದು ಇಲ್ಲೇ. ಹಾಡುಗಳನ್ನು ಕೈಯಾರೆ ನಿರ್ವಹಿಸುವ ಆಯ್ಕೆ ಆನ್ ಮಾಡಿಟ್ಟರೆ ಈ ಅಪಾಯ ಬಹುಮಟ್ಟಿಗೆ ತಪ್ಪುತ್ತದೆ.

ಇನ್ನೊಂದು ಮಾತು. ಆಪಲ್ ಮ್ಯೂಸಿಕ್ ಚಂದಾದಲ್ಲಿ ಇಳಿಸಿಕೊಂಡ ಹಾಡುಗಳು ಕ್ಲಾಸಿಕ್, ನ್ಯಾನೋ, ಶಫಲ್‌ಗಳಿಗೆ ಹೋಗುವುದಿಲ್ಲ. ಅವಕ್ಕೆ ಬೀಗ ಇದೆ. ಸಾಫ್ಟ್‌ವೇರ್ ಬದಲಿಸಿದರೂ ಇದು ಬದಲಾಗದು.

ವಿಂಡೋಸ್‌ನಲ್ಲಿ

ಐಪಾಡ್ ಕ್ಲಾಸಿಕ್ ಮತ್ತು ಫ್ಲ್ಯಾಕ್ ಸಂಗ್ರಹ ಎರಡೂ ಇದ್ದರೆ ನಮ್ಮ ಮೊದಲ ಆಯ್ಕೆ ಫೂಬಾರ್2000, ಅದರ ಐಪಾಡ್ ಮ್ಯಾನೇಜರ್ ಎಂಬ ಕಾಂಪೊನೆಂಟ್ (ಹೆಚ್ಚುವರಿ ಭಾಗ) ಸಮೇತ. ಎಡವುವ ಜಾಗ ಮೊದಲ ಹೆಜ್ಜೆಯಲ್ಲೇ ಇದೆ: ಈ ಕಾಂಪೊನೆಂಟ್ 32 ಬಿಟ್‌ನದು, ಆದ್ದರಿಂದ ಫೂಬಾರ್‌ನ 32 ಬಿಟ್ ಆವೃತ್ತಿಯನ್ನೇ ಹಾಕಿಕೊಳ್ಳಬೇಕು. 64 ಬಿಟ್ ಆವೃತ್ತಿ ಹಾಕಿ ಐಪಾಡ್ ಕಾಣಿಸುತ್ತಿಲ್ಲ ಎಂದು ಕೇಬಲ್ ಬದಲಿಸುತ್ತ ಕೂರುವುದು ಬೇಡ. ಕಾಂಪೊನೆಂಟ್ ಸೇರಿಸಿದ ಮೇಲೆ ಅದರ ಸೆಟ್ಟಿಂಗ್‌ನಲ್ಲಿ ಪರಿವರ್ತನೆಯ ಭಾಗಕ್ಕೆ ಹೋಗಿ, ಐಪಾಡ್ ನುಡಿಸಲಾರದ ಫೈಲ್‌ಗಳನ್ನು ಯಾವ ಮಾದರಿಗೆ ಬದಲಿಸಬೇಕೆಂದು ಹೇಳಿ, ಆ ಬದಲಾವಣೆ ಮಾಡುವ ಎನ್‌ಕೋಡರ್ ಪ್ರೋಗ್ರಾಂ ಎಲ್ಲಿದೆ ಎಂದು ತೋರಿಸಿ. ಎನ್‌ಕೋಡರ್ ಇಲ್ಲದಿದ್ದರೆ ಫ್ಲ್ಯಾಕ್ ಹಾಡುಗಳು ಕಳುಹಿಸುವ ಹೊತ್ತಿಗೆ ವಿಫಲವಾಗುತ್ತವೆ. ಆಮೇಲೆ ಹಾಡುಗಳನ್ನು ಆರಿಸಿ ರೈಟ್ ಕ್ಲಿಕ್ ಮಾಡಿ ಐಪಾಡ್‌ಗೆ ಕಳುಹಿಸಿದರಾಯಿತು. ಹಾಡುಗಳ ಧ್ವನಿಮಟ್ಟ ಸಮ ಮಾಡಲು ಬಳಸುವ ರೀಪ್ಲೇಗೇನ್ ಅಳತೆಯನ್ನು ಐಪಾಡ್‌ನ ಸೌಂಡ್ ಚೆಕ್ ಅಳತೆಗೆ ಬದಲಿಸಿ ಬರೆಯುವುದು ಇದರ ದೊಡ್ಡ ಗುಣ. ಒಂದು ಆಲ್ಬಂ ಕಿರುಚಿ ಇನ್ನೊಂದು ಪಿಸುಗುಟ್ಟುವ ತೊಂದರೆ ಇದರಿಂದ ತಪ್ಪುತ್ತದೆ. ನೋಡಲು ಫೂಬಾರ್ ಬರಿದಾಗಿ ಕಾಣುತ್ತದೆ, ಮೊದಲ ವಾರ ಸೆಟ್ಟಿಂಗ್‌ಗಳಲ್ಲೇ ಕಳೆಯುತ್ತದೆ. ಕಲಿತ ಮೇಲೆ ಇದರಷ್ಟು ಹಗುರವಾಗಿ ಓಡುವ ಪ್ರೋಗ್ರಾಂ ಅಪರೂಪ.

ಮ್ಯೂಸಿಕ್‌ಬೀ ಇದಕ್ಕಿಂತ ಸ್ನೇಹಪರ. ಉಚಿತ, ವಿಂಡೋಸ್‌ಗೆ ಮಾತ್ರ. ಟ್ಯಾಗ್ (ಫೈಲ್‌ನೊಳಗೆ ಬರೆದಿರುವ ಹಾಡಿನ, ಕಲಾವಿದರ ಹೆಸರು ಇತ್ಯಾದಿ) ತಿದ್ದುವುದು, ಆಲ್ಬಂನ ಮುಖಪುಟ ಚಿತ್ರ ಹುಡುಕುವುದು, ತಾನೇ ಬದಲಾಗುವ ಪ್ಲೇಲಿಸ್ಟ್ ಎಲ್ಲ ಒಂದೇ ಕಡೆ ಇದೆ. ಅದರ ನಿಜವಾದ ಬಲ ಸಾದಾ ಡಿಸ್ಕ್ ಮತ್ತು ಎಂಟಿಪಿ ಪ್ಲೇಯರ್‌ಗಳ ಮೇಲೆ. ಪ್ರತಿ ಸಾಧನಕ್ಕೂ ಬೇರೆ ಸೆಟ್ಟಿಂಗ್ ಇಡಬಹುದು: ಯಾವ ಪ್ಲೇಲಿಸ್ಟ್‌ಗಳು ಹೋಗಬೇಕು, ಫೋಲ್ಡರ್ ಹೆಸರು ಹೇಗಿರಬೇಕು, ಫ್ಲ್ಯಾಕ್ ಹಾಗೇ ಹೋಗಬೇಕೋ ಎಂಪಿ3 ಆಗಿ ಹೋಗಬೇಕೋ ಎಲ್ಲವನ್ನೂ. ಐಪಾಡ್‌ಗೆ ಪ್ರತ್ಯೇಕ ಪ್ಲಗಿನ್ ಹಾಕಿಕೊಳ್ಳಬೇಕು. ಮ್ಯೂಸಿಕ್‌ಬೀಯಲ್ಲಿ ಜೋಪಾನವಾಗಿರಬೇಕಾದ್ದು ಒಂದೇ: ಸಾಧನದಲ್ಲಿದ್ದು ಲೈಬ್ರರಿಯಲ್ಲಿಲ್ಲದ ಹಾಡುಗಳನ್ನು ಅಳಿಸುವ ಆಯ್ಕೆ. ಬೇರೆ ಕಡೆಯಿಂದ ತುಂಬಿದ ಹಾಡುಗಳಿದ್ದರೆ ಮೊದಲ ಸಿಂಕ್‌ಗೆ ಮೊದಲೇ ಅದನ್ನು ಆಫ್ ಮಾಡಿ, ಏನೇನು ಬದಲಾಗುತ್ತದೆ ಎಂಬ ಮುನ್ನೋಟ ನೋಡಿ.

ಮೀಡಿಯಾಮಂಕಿ ದೊಡ್ಡ ಸಂಗ್ರಹ ಇಟ್ಟವರಿಗೆ, ಅದರಲ್ಲೂ ಒಂದಕ್ಕಿಂತ ಹೆಚ್ಚು ಪ್ಲೇಯರ್ ಇದ್ದವರಿಗೆ ಹಿಡಿಸುತ್ತದೆ. ಆಂಡ್ರಾಯ್ಡ್‌ಗೆ ಅದರದೇ ಆಪ್ ಇರುವುದರಿಂದ ವೈಫೈ ಮೂಲಕವೂ ಸಿಂಕ್ ಆಗುತ್ತದೆ. ಕೆಲವು ಸೌಲಭ್ಯಗಳು ಹಣ ಕೊಟ್ಟು ಕೊಳ್ಳುವ ಗೋಲ್ಡ್ ಆವೃತ್ತಿಗೆ ಮೀಸಲು. ಉಚಿತ ಆವೃತ್ತಿಯಲ್ಲಿ ನಿಮ್ಮ ಕೆಲಸ ನಡೆಯುತ್ತದೆಯೇ ಎಂದು ನೋಡಿಕೊಂಡೇ ಕೊಳ್ಳಿ.

ಕಾಪಿಟ್ರಾನ್ಸ್ ಮ್ಯಾನೇಜರ್ ಲೈಬ್ರರಿ ಇಟ್ಟುಕೊಳ್ಳುವ ಪ್ರೋಗ್ರಾಂ ಅಲ್ಲ. ತೆರೆ, ಹಾಡು ಎಳೆದು ಹಾಕು, ಉಳಿಸು, ಅಷ್ಟೇ ಅದರ ಕೆಲಸ. ಆಗೊಮ್ಮೆ ಈಗೊಮ್ಮೆ ನಾಲ್ಕು ಹಾಡು ಸೇರಿಸುವವರಿಗೆ ಅದೇ ಸಾಕು.

ಮ್ಯಾಕ್‌ನಲ್ಲಿ

ಇಲ್ಲಿ ಆಯ್ಕೆ ಕಡಿಮೆ. ಸ್ವಿನ್ಸಿಯನ್ ಹಣ ಕೊಟ್ಟು ಕೊಳ್ಳುವ ಪ್ರೋಗ್ರಾಂ, ಫ್ಲ್ಯಾಕ್ ನುಡಿಸುತ್ತದೆ, ದೊಡ್ಡ ಸಂಗ್ರಹವನ್ನೂ ತಡವರಿಸದೆ ತೆರೆಯುತ್ತದೆ, ಹಳೆಯ ಐಪಾಡ್‌ಗಳಿಗೂ ಡಿಸ್ಕ್ ಮಾದರಿಯ ಪ್ಲೇಯರ್‌ಗಳಿಗೂ ಹಾಡು ಕಳುಹಿಸುತ್ತದೆ. ಹಣ ಖರ್ಚು ಬೇಡವೆಂದರೆ ಎಕ್ಸ್‌ಎಲ್‌ಡಿ ಎಂಬ ಉಚಿತ ಪ್ರೋಗ್ರಾಂನಲ್ಲಿ ಫ್ಲ್ಯಾಕ್ ಫೈಲ್‌ಗಳನ್ನು ಆಪಲ್ ಲಾಸ್‌ಲೆಸ್‌ಗೆ ಬದಲಿಸಿಕೊಂಡು ಮ್ಯೂಸಿಕ್ ಆಪ್‌ಗೆ ಸೇರಿಸಿ, ಫೈಂಡರ್‌ನಿಂದಲೇ ಸಿಂಕ್ ಮಾಡಿ. ಎರಡೂ ಲಾಸ್‌ಲೆಸ್ ಆದ್ದರಿಂದ ಧ್ವನಿ ಒಂದಿಷ್ಟೂ ಕೆಡುವುದಿಲ್ಲ. ಮುಂದೆ ಬೇಕಾದಾಗ ಫ್ಲ್ಯಾಕ್‌ಗೆ ಮರಳಿಸಲೂಬಹುದು. 24 ಬಿಟ್, 96 ಕಿಲೋಹರ್ಟ್ಸ್‌ನ ಫೈಲ್‌ಗಳಿದ್ದರೆ ಮಾತ್ರ ಬದಲಿಸುವಾಗಲೇ 16 ಬಿಟ್, 44.1ಕ್ಕೆ ಇಳಿಸಿ. ಹಳೆಯ ಐಪಾಡ್‌ಗಳು 48 ಕಿಲೋಹರ್ಟ್ಸ್‌ಗಿಂತ ಮೇಲಿನದಕ್ಕೆ ತಯಾರಾದವಲ್ಲ. ಅಂಥ ಹಾಡು ಬಂದಾಗ ಹಾರಿಸಿ ಮುಂದೆ ಹೋಗುವುದು, ತಡವರಿಸುವುದು ಇದರಿಂದಲೇ.

ಲಿನಕ್ಸ್‌ನಲ್ಲಿ

ರಿದಮ್‌ಬಾಕ್ಸ್, ಸ್ಟ್ರಾಬೆರಿ, ಜಿಟಿಕೆಪಾಡ್ ಈ ಮೂರೂ ಐಪಾಡ್ ಡೇಟಾಬೇಸ್ ಬರೆಯಲು ಲಿಬ್‌ಜಿಪಾಡ್ ಎಂಬ ಒಂದೇ ಲೈಬ್ರರಿಯನ್ನು ನೆಚ್ಚಿಕೊಂಡಿವೆ. ಹಾಗಾಗಿ ಒಂದರಲ್ಲಿ ಆಗದ ಐಪಾಡ್ ಇನ್ನೊಂದರಲ್ಲಿ ಆಗುವ ಸಂಭವ ಕಡಿಮೆ. ವ್ಯತ್ಯಾಸವಿರುವುದು ಬಳಕೆಯಲ್ಲಿ. ದಿನವೂ ಹಾಡು ಕೇಳುವ ಪ್ಲೇಯರ್ ಆಗಿಯೂ ಬೇಕೆಂದರೆ ಸ್ಟ್ರಾಬೆರಿ. ಕ್ಲೆಮೆಂಟೈನ್‌ನಿಂದ ಕವಲೊಡೆದು ಬಂದ ಇದರಲ್ಲಿ ಕಳುಹಿಸುವಾಗಲೇ ಮಾದರಿ ಬದಲಿಸುವ ಅನುಕೂಲವಿದೆ. ಸರಳವಾಗಿರಲಿ ಅನ್ನುವವರಿಗೆ ರಿದಮ್‌ಬಾಕ್ಸ್. ಜಿಟಿಕೆಪಾಡ್ ಹಳೆಯದಾದರೂ ಐಪಾಡ್‌ನ ಡೇಟಾಬೇಸ್ ಒಳಹೊಕ್ಕು ರಿಪೇರಿ ಮಾಡಲು, ಕಳೆದುಹೋದ ಹಾಡುಗಳನ್ನು ಹುಡುಕಿ ಸೇರಿಸಲು ಅನುಕೂಲ.

ಕೈಕೊಡುವ ಜಾಗಗಳು ಎರಡು. ಮ್ಯಾಕ್‌ನಲ್ಲಿ ತಯಾರಾದ ಐಪಾಡ್ ಎಚ್‌ಎಫ್‌ಎಸ್ ಪ್ಲಸ್ ಎಂಬ ಮ್ಯಾಕ್‌ನ ಡಿಸ್ಕ್ ಮಾದರಿಯಲ್ಲಿರುತ್ತದೆ. ಜರ್ನಲಿಂಗ್ (ಬದಲಾವಣೆಗಳ ದಾಖಲೆ ಇಡುವ ಏರ್ಪಾಡು) ಇರುವ ಅಂಥ ಡಿಸ್ಕನ್ನು ಲಿನಕ್ಸ್ ಓದುವುದಕ್ಕೆ ಮಾತ್ರ ತೆರೆಯುತ್ತದೆ, ಬರೆಯಲು ಬಿಡುವುದಿಲ್ಲ. ವಿಂಡೋಸ್‌ನ ಐಟ್ಯೂನ್ಸ್‌ನಲ್ಲಿ ಒಮ್ಮೆ ರೀಸ್ಟೋರ್ ಮಾಡಿದರೆ ಫ್ಯಾಟ್32 ಎಂಬ ವಿಂಡೋಸ್‌ನ ಡಿಸ್ಕ್ ಮಾದರಿಗೆ ಬರುತ್ತದೆ, ಒಳಗಿನ ಹಾಡುಗಳು ಹೋಗುತ್ತವೆ ಎಂಬುದು ನೆನಪಿರಲಿ. ಎರಡನೆಯದು ಸಹಿಯ ಸಮಸ್ಯೆ. ಕ್ಲಾಸಿಕ್‌ನಲ್ಲಿ ಹಾಡು ಬರೆದರೂ ಸೊನ್ನೆ ಎಂದು ತೋರಿಸಿದರೆ, ಸಾಧನದ ಗುರುತು ಸಂಖ್ಯೆ ಲಿಬ್‌ಜಿಪಾಡ್‌ಗೆ ಸಿಕ್ಕಿಲ್ಲ ಎಂದರ್ಥ. ಐಪಾಡ್_ಕಂಟ್ರೋಲ್ ಒಳಗೆ ಡಿವೈಸ್ ಫೋಲ್ಡರ್, ಅದರಲ್ಲಿ ಸಿಸ್‌ಇನ್ಫೋ ಎಂಬ ಫೈಲ್ ಇರುತ್ತದೆ. ಯುಎಸ್‌ಬಿ ಸಾಧನಗಳ ವಿವರದಲ್ಲಿ ಐಪಾಡ್‌ನ ಸೀರಿಯಲ್ ನಂಬರ್ ಆಗಿ ಕಾಣುವ 16 ಅಕ್ಷರಗಳನ್ನು ಫೈರ್‌ವೈರ್ ಗುರುತಿನ ಸಾಲಾಗಿ ಆ ಫೈಲ್‌ನಲ್ಲಿ ಬರೆದು, ಐಪಾಡನ್ನು ತೆಗೆದು ಮತ್ತೆ ಜೋಡಿಸಿದರೆ ಸರಿಹೋಗುತ್ತದೆ.

ಐಪಾಡ್ ಟಚ್

ಟಚ್ ಡಿಸ್ಕ್ ಆಗಿ ತೆರೆಯುವುದಿಲ್ಲ, ಅದರ ಮ್ಯೂಸಿಕ್ ಆಪ್‌ನ ಡೇಟಾಬೇಸ್ ಇನ್ನೂ ಬಿಗಿ. ಅದರ ಮೇಲೆ ಗುದ್ದಾಡುವ ಬದಲು ಪಕ್ಕದ ದಾರಿ ಹಿಡಿಯಿರಿ. ವಿಎಲ್‌ಸಿ ಅಥವಾ ಫೂಬಾರ್2000ರ ಮೊಬೈಲ್ ಆಪ್ ಹಾಕಿಕೊಂಡು, ಫೈಲ್ ಹಂಚಿಕೆಯ ಮೂಲಕ ಹಾಡುಗಳನ್ನು ನೇರ ಆ ಆಪ್‌ಗೇ ಸೇರಿಸಿ. ವಿಎಲ್‌ಸಿಯಲ್ಲಿ ವೈಫೈ ಹಂಚಿಕೆ ಆನ್ ಮಾಡಿದರೆ ಒಂದು ವಿಳಾಸ ತೋರಿಸುತ್ತದೆ. ಅದನ್ನು ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ತೆರೆದು ಫೈಲ್‌ಗಳನ್ನು ಎಳೆದು ಹಾಕಿದರಾಯಿತು. ಫ್ಲ್ಯಾಕ್ ಕೂಡ ಹಾಗೇ ನುಡಿಯುತ್ತದೆ.

ರಾಕ್‌ಬಾಕ್ಸ್: ಪ್ಲೇಯರ್‌ನ ಫರ್ಮ್‌ವೇರನ್ನೇ ಬದಲಿಸುವುದು

ಇಲ್ಲಿಯವರೆಗೆ ಹೇಳಿದ್ದೆಲ್ಲ ಐಪಾಡ್‌ನ ಹಟಕ್ಕೆ ಕಂಪ್ಯೂಟರ್ ಕಡೆಯಿಂದ ಹೊಂದಿಕೊಳ್ಳುವ ದಾರಿ. ರಾಕ್‌ಬಾಕ್ಸ್ ಆ ಹಟವನ್ನೇ ತೆಗೆದುಹಾಕುತ್ತದೆ. 2001ರಲ್ಲಿ ಆರ್ಕೋಸ್ ಪ್ಲೇಯರ್‌ಗಳಿಗಾಗಿ ಶುರುವಾದ ಈ ಮುಕ್ತ ಫರ್ಮ್‌ವೇರ್ ಇಂದು ಕ್ಲಾಸಿಕ್‌ವರೆಗಿನ ದೊಡ್ಡ ಐಪಾಡ್‌ಗಳು, ಮಿನಿ, ನ್ಯಾನೋದ ಮೊದಲ ಎರಡು ತಲೆಮಾರು, ಸ್ಯಾನ್ಸಾ ಕ್ಲಿಪ್ ಪ್ಲಸ್‌ನಂಥ ಹಲವು ಪ್ಲೇಯರ್‌ಗಳಲ್ಲಿ ಓಡುತ್ತದೆ. ಹಾಕಿದ ಮೇಲೆ ಐಪಾಡ್ ಒಂದು ಸಾದಾ ಡಿಸ್ಕ್ ಪ್ಲೇಯರ್ ಆಗುತ್ತದೆ: ಫೋಲ್ಡರ್ ಎಳೆದು ಹಾಕಿ, ನುಡಿಸಿ. ಫ್ಲ್ಯಾಕ್, ಓಗ್ ವೋರ್ಬಿಸ್, ಒಪಸ್, ಎಲ್ಲ ನಡೆಯುತ್ತದೆ. ನಡುವೆ ಮೌನವಿಲ್ಲದೆ ಹಾಡಿನಿಂದ ಹಾಡಿಗೆ ಸಾಗುವುದು, ರೀಪ್ಲೇಗೇನ್, ವಿವರವಾದ ಈಕ್ವಲೈಜರ್ ಸಹ ಇವೆ.

ಹಾಕುವುದು ಕಷ್ಟವಲ್ಲ. ಡಿಸ್ಕ್ ಫ್ಯಾಟ್32 ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಮ್ಯಾಕ್ ಮಾದರಿಯ ಡಿಸ್ಕನ್ನು ರಾಕ್‌ಬಾಕ್ಸ್ ಓದುವುದಿಲ್ಲ. ರಾಕ್‌ಬಾಕ್ಸ್ ಯುಟಿಲಿಟಿ ತೆರೆದು, ಸಾಧನವನ್ನು ಗುರುತಿಸಲು ಬಿಟ್ಟು, ಇನ್‌ಸ್ಟಾಲ್ ಒತ್ತಿ. ಐಪಾಡ್‌ನ ಮೂಲ ಫರ್ಮ್‌ವೇರ್ ಹಾಗೇ ಉಳಿಯುತ್ತದೆ, ಆನ್ ಆಗುವಾಗ ಹೋಲ್ಡ್ ಸ್ವಿಚ್ ಸರಿಸಿದರೆ ಅದಕ್ಕೇ ಹೋಗಬಹುದು. ಹಾಡು ತುಂಬಿದ ಮೇಲೆ ಡೇಟಾಬೇಸ್ ಮೆನುವಿನಲ್ಲಿ ಒಮ್ಮೆ ಇನಿಷಿಯಲೈಜ್ ಕೊಡಬೇಕು, ಆಮೇಲೆ ಹೊಸ ಹಾಡು ಸೇರಿಸಿದಾಗಲೆಲ್ಲ ಅಪ್‌ಡೇಟ್. ಇದನ್ನು ಮರೆತವರೇ ಹೊಸ ಹಾಡು ಬರಲಿಲ್ಲ ಎನ್ನುವುದು. ಹಾಡಲ್ಲದ ಧ್ವನಿ ಫೈಲ್‌ಗಳ ಫೋಲ್ಡರ್ ಡೇಟಾಬೇಸ್‌ಗೆ ಬರಬಾರದೆಂದರೆ ಅದರೊಳಗೆ ಡೇಟಾಬೇಸ್.ಇಗ್ನೋರ್ ಎಂಬ ಹೆಸರಿನ ಖಾಲಿ ಫೈಲ್ ಇಡಿ, ಹೆಸರು ಇಂಗ್ಲಿಷ್‌ನ ಸಣ್ಣಕ್ಷರಗಳಲ್ಲಿರಲಿ. ಐಟ್ಯೂನ್ಸ್‌ನಿಂದ ಹಿಂದೆ ತುಂಬಿದ ಹಾಡುಗಳು ಫೋಲ್ಡರ್ ನೋಟದಲ್ಲಿ ನಾಲ್ಕಕ್ಷರದ ಹೆಸರಲ್ಲೇ ಕಾಣುತ್ತವೆ, ಡೇಟಾಬೇಸ್ ನೋಟದಲ್ಲಿ ಟ್ಯಾಗ್ ಪ್ರಕಾರ ಸರಿಯಾಗಿ ಬರುತ್ತವೆ.

ಕೊರತೆಗಳೂ ಇವೆ. ಮೆನುಗಳು ಆಳ, ಅಂದ ಕಡಿಮೆ. ಥೀಮ್ ಬದಲಿಸಿದರೆ ಸುಧಾರಿಸುತ್ತದೆ. ಮಂಕೀಸ್ ಆಡಿಯೋದಂಥ ಮಾದರಿಯ ಅತಿ ಬಿಗಿಯಾಗಿ ಅಡಕಿಸಿದ ಫೈಲ್‌ಗಳನ್ನು ಹಳೆಯ ಐಪಾಡ್‌ನ ಪ್ರೊಸೆಸರ್ ಬಿಡಿಸಲಾರದೆ ನಿಂತು ನಿಂತು ನುಡಿಸುತ್ತದೆ. ಕನ್ನಡದಲ್ಲಿ ಟ್ಯಾಗ್ ಬರೆದಿರುವವರಿಗೆ ಇನ್ನೊಂದು ತೊಡಕು: ಫಾಂಟ್‌ನಲ್ಲಿ ಕನ್ನಡದ ಅಕ್ಷರಗಳಿದ್ದರೂ ಒತ್ತಕ್ಷರಗಳು ಕೂಡಿಕೊಳ್ಳದೆ ಬಿಡಿಬಿಡಿಯಾಗಿ ಕಾಣುತ್ತವೆ. ಅಷ್ಟು ಬಿಟ್ಟರೆ, ಐಪಾಡ್ ಕ್ಲಾಸಿಕ್ ಇಟ್ಟುಕೊಂಡು ಹಲವು ಕಂಪ್ಯೂಟರ್‌ಗಳಿಂದ ಹಾಡು ತುಂಬುವವರಿಗೆ ಇದಕ್ಕಿಂತ ಒಳ್ಳೆಯ ಪರಿಹಾರ ಕಾಣದು.

ಎಂಟಿಪಿ ಪ್ಲೇಯರ್‌ಗಳು

ಎಂಟಿಪಿಯಲ್ಲಿ ಡಿಸ್ಕ್ ನಿಮ್ಮ ಕೈಗೆ ಸಿಗುವುದಿಲ್ಲ. ಒಂದೊಂದೇ ಫೈಲನ್ನು ಪ್ಲೇಯರ್‌ಗೆ ಒಪ್ಪಿಸಬೇಕು, ಒಂದು ಮುಗಿಯದೆ ಇನ್ನೊಂದಿಲ್ಲ. ಟ್ಯಾಗ್‌ನಲ್ಲಿ ಒಂದಕ್ಷರ ತಿದ್ದಿದರೂ ಪೂರ್ತಿ ಫೈಲನ್ನೇ ಮತ್ತೆ ಕಳುಹಿಸಬೇಕು. ಸಾವಿರಾರು ಹಾಡು ಒಮ್ಮೆಲೇ ಕೊಟ್ಟರೆ ನಡುವೆ ಸಂಪರ್ಕ ಕಡಿದು ಅರ್ಧ ಫೈಲ್ ಉಳಿಯುವುದು ಸಾಮಾನ್ಯ, ಆದ್ದರಿಂದ ಕೆಲವೇ ಆಲ್ಬಂಗಳಂತೆ ಕಳುಹಿಸಿ. ವಿಂಡೋಸ್‌ನಲ್ಲಿ ಮ್ಯೂಸಿಕ್‌ಬೀ, ಮೀಡಿಯಾಮಂಕಿ ಇದನ್ನು ಚೆನ್ನಾಗಿ ನಿಭಾಯಿಸುತ್ತವೆ. ಮ್ಯಾಕ್‌ಗೆ ಎಂಟಿಪಿ ತಾನಾಗಿ ಬರುವುದಿಲ್ಲ, ಓಪನ್‌ಎಂಟಿಪಿ ಹಾಕಿಕೊಳ್ಳಿ.

ಆದರೆ ಪ್ಲೇಯರ್‌ನಲ್ಲಿ ಮೆಮೊರಿ ಕಾರ್ಡ್ ಇದ್ದರೆ ಈ ರಗಳೆಯೇ ಬೇಡ. ಕಾರ್ಡ್ ಹೊರತೆಗೆದು ಕಾರ್ಡ್ ರೀಡರ್‌ಗೆ ಹಾಕಿ ಸಾದಾ ಡಿಸ್ಕ್‌ನಂತೆ ತುಂಬಿ. ಒಳ ಸಂಗ್ರಹವಾಗಿ ಬೆಸೆದ ಕಾರ್ಡ್ ಮಾತ್ರ ಹೊರಗೆ ಓದಲಾಗದು. ಕೆಲವು ಪ್ಲೇಯರ್‌ಗಳ ಸೆಟ್ಟಿಂಗ್‌ನಲ್ಲೇ ಯುಎಸ್‌ಬಿ ಮಾದರಿ ಬದಲಿಸುವ ಆಯ್ಕೆ ಇರುತ್ತದೆ, ಸ್ಟೋರೇಜ್‌ಗೆ ಬದಲಿಸಿ. ತುಂಬಿದ ಹಾಡು ಆಂಡ್ರಾಯ್ಡ್ ಪ್ಲೇಯರ್‌ನಲ್ಲಿ ಕಾಣದಿದ್ದರೆ ಪ್ಲೇಯರ್ ಆಪ್‌ನಲ್ಲಿ ಮರುಸ್ಕ್ಯಾನ್ ಕೊಡಿ, ಆ ಫೋಲ್ಡರ್‌ನಲ್ಲಿ ನೋಮೀಡಿಯಾ ಎಂಬ ಅಡಗಿದ ಫೈಲ್ ಇದೆಯೇ ನೋಡಿ. ಅದಿದ್ದ ಕಡೆ ಸ್ಕ್ಯಾನರ್ ಕಾಲಿಡುವುದಿಲ್ಲ.

ಸಾದಾ ಡಿಸ್ಕ್ ಪ್ಲೇಯರ್: ನಕಲಿಸುವ ಪ್ರೋಗ್ರಾಂ ಸಾಕು

ಇಂಥ ಪ್ಲೇಯರ್‌ಗೆ ಫ್ರೀಫೈಲ್‌ಸಿಂಕ್, ಆರ್‌ಸಿಂಕ್‌ನಂಥ ಫೋಲ್ಡರ್ ಸರಿಹೊಂದಿಸುವ ಪ್ರೋಗ್ರಾಂ ಸಾಕು. ಹೊಸದಷ್ಟೇ ಹೋಗುತ್ತದೆ, ಅದಕ್ಕೆ ಬೇಕಾದ ಆಯ್ಕೆ ಕೊಟ್ಟರೆ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ಹಾಗಿದ್ದೂ ಪ್ರತಿ ಸಲ ಎಲ್ಲ ಹಾಡುಗಳೂ ಮತ್ತೆ ನಕಲಾಗುತ್ತಿದ್ದರೆ ಕಾರಣ ಫ್ಯಾಟ್ ಸಮಯ ಬರೆಯುವ ರೀತಿ. ಅದು ಎರಡು ಸೆಕೆಂಡಿನ ಲೆಕ್ಕದಲ್ಲಿ ಬರೆಯುತ್ತದೆ, ಆದ್ದರಿಂದ ಎರಡೂ ಕಡೆಯ ಸಮಯ ಕೂದಲೆಳೆಯಷ್ಟು ಬೇರೆಯಾಗುತ್ತದೆ. ಹೋಲಿಕೆಯಲ್ಲಿ ಎರಡು ಸೆಕೆಂಡಿನ ವಿನಾಯಿತಿ ಕೊಡಿ. ಜೊತೆಗೆ ಫ್ಯಾಟ್ ಸ್ಥಳೀಯ ಸಮಯವನ್ನೇ ಬರೆದಿಡುವುದರಿಂದ ಗಡಿಯಾರ ಒಂದು ಗಂಟೆ ಹಿಂದುಮುಂದಾಗುವ ದೇಶಗಳಲ್ಲಿ ವರ್ಷಕ್ಕೆರಡು ಸಲ ಇದೇ ತೊಂದರೆ ಕಾಣಿಸಿಕೊಳ್ಳುತ್ತದೆ.

ಹಾಡಿನ ಹೆಸರಲ್ಲಿ ಪ್ರಶ್ನೆ ಚಿಹ್ನೆ, ವಿವರಣ ಚಿಹ್ನೆ, ನಕ್ಷತ್ರ ಚಿಹ್ನೆ, ಜೋಡಿ ಉದ್ಧರಣ ಚಿಹ್ನೆ ಇದ್ದರೆ ಫ್ಯಾಟ್ ಒಪ್ಪುವುದಿಲ್ಲ. ಮ್ಯಾಕ್, ಲಿನಕ್ಸ್ ಒಪ್ಪುವುದರಿಂದ ಅಲ್ಲಿ ಸಮಸ್ಯೆ ಗೊತ್ತೇ ಆಗದೆ, ನಕಲಿಸುವಾಗ ಆ ಹಾಡುಗಳಷ್ಟೇ ಬಿಟ್ಟುಹೋಗುತ್ತವೆ. ಮ್ಯಾಕ್‌ನಿಂದ ನಕಲಿಸಿದರೆ ಇನ್ನೊಂದು ಕಾಟ: ಪ್ರತಿ ಹಾಡಿನ ಜೊತೆ ಚುಕ್ಕೆ ಮತ್ತು ಅಡಿಗೆರೆಯಿಂದ ಶುರುವಾಗುವ ಪುಟ್ಟ ಫೈಲೊಂದು ಸೇರಿಕೊಳ್ಳುತ್ತದೆ, ಪ್ಲೇಯರ್ ಅದನ್ನೂ ಹಾಡೆಂದು ತಿಳಿದು ದೋಷ ತೋರಿಸುತ್ತದೆ. ಡಾಟ್‌ಕ್ಲೀನ್ ಎಂಬ ಮ್ಯಾಕ್‌ನದೇ ಆಜ್ಞೆ ಇವನ್ನು ಗುಡಿಸುತ್ತದೆ.

ಅಗ್ಗದ ಪ್ಲೇಯರ್‌ಗಳು ಹಾಡುಗಳನ್ನು ಹೆಸರಿನ ಕ್ರಮದಲ್ಲಲ್ಲ, ಡಿಸ್ಕ್‌ಗೆ ಬರೆದ ಕ್ರಮದಲ್ಲಿ ನುಡಿಸುತ್ತವೆ. ಮೂರನೇ ಹಾಡನ್ನು ಆಮೇಲೆ ತಂದು ಹಾಕಿದರೆ ಅದು ಕೊನೆಯಲ್ಲೇ ಬರುತ್ತದೆ. ಫ್ಯಾಟ್‌ಸಾರ್ಟ್ ಅಥವಾ ವಿಂಡೋಸ್‌ನ ಡ್ರೈವ್‌ಸಾರ್ಟ್‌ನಿಂದ ಕ್ರಮ ಸರಿಪಡಿಸಬಹುದು. 32 ಜಿಬಿಗಿಂತ ದೊಡ್ಡ ಕಾರ್ಡ್‌ಗಳು ಎಕ್ಸ್‌ಫ್ಯಾಟ್‌ನಲ್ಲಿ ಬರುತ್ತವೆ. ಹಳೆಯ ಪ್ಲೇಯರ್ ಕಾರ್ಡ್ ಗುರುತಿಸದಿದ್ದರೆ ಫ್ಯಾಟ್32ಕ್ಕೆ ಫಾರ್ಮ್ಯಾಟ್ ಮಾಡಿ ನೋಡಿ. ವಿಂಡೋಸ್‌ನ ಮಾಮೂಲಿ ಫಾರ್ಮ್ಯಾಟ್ ಕಿಟಕಿ 32 ಜಿಬಿ ಮೇಲೆ ಫ್ಯಾಟ್32 ತೋರಿಸದಿದ್ದರೆ ಬೇರೆ ಫಾರ್ಮ್ಯಾಟ್ ಪ್ರೋಗ್ರಾಂ ಬೇಕಾಗುತ್ತದೆ.

ಜಾಗದ ಲೆಕ್ಕವೂ ಮೊದಲೇ ಇರಲಿ. 320 ಕೆಬಿಪಿಎಸ್ ಎಂಪಿ3 ನಿಮಿಷಕ್ಕೆ 2.4 ಎಂಬಿ, 256ರ ಎಎಸಿ ಸುಮಾರು 1.9 ಎಂಬಿ. ಐದು ನಿಮಿಷದ ಹಾಡು 320ರಲ್ಲಿ 12 ಎಂಬಿ ಆದರೆ, ಸಿಡಿ ಗುಣಮಟ್ಟದ ಫ್ಲ್ಯಾಕ್‌ನಲ್ಲಿ ಸಾಮಾನ್ಯವಾಗಿ 25ರಿಂದ 35 ಎಂಬಿ. 64 ಜಿಬಿ ಕಾರ್ಡನ್ನು ವಿಂಡೋಸ್ 59.6 ಎಂದು ತೋರಿಸುವುದು ಎಣಿಕೆಯ ವ್ಯತ್ಯಾಸ, ಕಾರ್ಡ್‌ನ ದೋಷವಲ್ಲ.

ಟ್ಯಾಗ್, ಮುಖಪುಟ, ಪ್ಲೇಲಿಸ್ಟ್

ಸಾಫ್ಟ್‌ವೇರ್ ಮೇಲೆ ಹೊರಿಸುವ ದೂರುಗಳಲ್ಲಿ ಬಹುಪಾಲು ಟ್ಯಾಗ್‌ನವು. ಎಂಪಿ3ಯಲ್ಲಿ ಟ್ಯಾಗ್ ಬರೆಯುವ ಐಡಿ3 ಪದ್ಧತಿಯ 2.4 ಆವೃತ್ತಿಯನ್ನು ಹಲವು ಹಳೆಯ ಪ್ಲೇಯರ್‌ಗಳು ಓದುವುದಿಲ್ಲ, ಎಲ್ಲವೂ ಅನಾಮಧೇಯ ಕಲಾವಿದ ಎಂದು ಕಾಣುತ್ತದೆ. ಟ್ಯಾಗ್ ತಿದ್ದುವ ಎಂಪಿ3ಟ್ಯಾಗ್ ಪ್ರೋಗ್ರಾಂನಲ್ಲಿ 2.3, ಯುಟಿಎಫ್-16 ಆರಿಸಿ ಮತ್ತೆ ಉಳಿಸಿ. ಅಂಥದೇ ಪ್ರೋಗ್ರಾಂ ಆದ ಮ್ಯೂಸಿಕ್‌ಬ್ರೇನ್ಜ್ ಪಿಕಾರ್ಡ್ ಬಳಸುವವರು ನೆನಪಿಡಿ, ಅದು ಬೇರೆ ಹೇಳದಿದ್ದರೆ 2.4ರಲ್ಲೇ ಬರೆಯುತ್ತದೆ. ಹಲವು ಗಾಯಕರ ಒಂದೇ ಆಲ್ಬಂ ಚೂರುಚೂರಾಗಿ ಕಂಡರೆ ಆಲ್ಬಂ ಕಲಾವಿದ ಎಂಬ ಜಾಗದಲ್ಲಿ ಎಲ್ಲ ಹಾಡುಗಳಿಗೂ ಒಂದೇ ಹೆಸರು ತುಂಬಿ.

ಮುಖಪುಟ ಕಾಣದಿದ್ದರೆ ಚಿತ್ರ ಪ್ರೋಗ್ರೆಸ್ಸಿವ್ ಜೆಪೆಗ್ ಇರಬಹುದು. ರಾಕ್‌ಬಾಕ್ಸ್ ಸೇರಿ ಅನೇಕ ಪ್ಲೇಯರ್‌ಗಳು ಬೇಸ್‌ಲೈನ್ ಜೆಪೆಗ್ ಮಾತ್ರ ತೋರಿಸುತ್ತವೆ. 500 x 500 ಗಾತ್ರಕ್ಕೆ ಇಳಿಸಿ ಬೇಸ್‌ಲೈನ್ ಆಗಿ ಉಳಿಸಿ ಹಾಕಿ. ಪ್ಲೇಲಿಸ್ಟ್ ಖಾಲಿ ಕಂಡರೆ ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ. ಒಳಗೆ ನಿಮ್ಮ ಕಂಪ್ಯೂಟರ್‌ನ ಡ್ರೈವ್ ಅಕ್ಷರದಿಂದ ಶುರುವಾಗುವ ದಾರಿ ಇದ್ದರೆ ಪ್ಲೇಯರ್‌ಗೆ ಅದು ಅರ್ಥವಾಗದು. ರಫ್ತು ಮಾಡುವಾಗ ಸಾಪೇಕ್ಷ ದಾರಿ (ಪ್ಲೇಲಿಸ್ಟ್ ಇರುವ ಜಾಗದಿಂದ ಲೆಕ್ಕಿಸುವ ದಾರಿ) ಮತ್ತು ಎಂ3ಯು8 ಎಂಬ ಪ್ಲೇಲಿಸ್ಟ್ ಮಾದರಿ ಆರಿಸಿ. ಇಂಗ್ಲಿಷೇತರ ಹೆಸರಿನ ಹಾಡುಗಳಷ್ಟೇ ಪ್ಲೇಲಿಸ್ಟ್‌ನಿಂದ ಬಿಟ್ಟುಹೋದರೆ ಸಮಸ್ಯೆ ಎನ್‌ಕೋಡಿಂಗ್‌ನದು.

ಐಪಾಡ್‌ನಲ್ಲಷ್ಟೇ ಉಳಿದ ಹಾಡುಗಳನ್ನು ಹೊರತರುವುದು

ಕಂಪ್ಯೂಟರ್ ಕೆಟ್ಟು ಹಾಡುಗಳು ಐಪಾಡ್‌ನಲ್ಲಿ ಮಾತ್ರ ಉಳಿದಿದ್ದರೆ ವಿಂಡೋಸ್‌ನಲ್ಲಿ ಯಾವ ಪ್ರೋಗ್ರಾಂಗೂ ಹಣ ಕೊಡಬೇಕಿಲ್ಲ. ಎಫ್00ದಿಂದ ಶುರುವಾಗುವ ಫೋಲ್ಡರ್‌ಗಳನ್ನೆಲ್ಲ ಕಂಪ್ಯೂಟರ್‌ಗೆ ನಕಲಿಸಿ, ಎಂಪಿ3ಟ್ಯಾಗ್‌ನಲ್ಲಿ ತೆರೆದು, ಕಲಾವಿದ, ಆಲ್ಬಂ, ಹಾಡಿನ ಸಂಖ್ಯೆ, ಹೆಸರು ಈ ಕ್ರಮದಲ್ಲಿ ಟ್ಯಾಗ್‌ನಿಂದ ಫೈಲ್ ಹೆಸರು ಮಾಡುವ ಪರಿವರ್ತನೆ ಕೊಡಿ. ಫೋಲ್ಡರ್ ಸಮೇತ ಎಲ್ಲ ಜೋಡಿಸಿಕೊಳ್ಳುತ್ತದೆ. ಪ್ಲೇಲಿಸ್ಟ್ ಮತ್ತು ರೇಟಿಂಗ್ ಡೇಟಾಬೇಸ್‌ನಲ್ಲಿರುವುದರಿಂದ ಈ ದಾರಿಯಲ್ಲಿ ಬರುವುದಿಲ್ಲ. ಅವೂ ಬೇಕೆಂದರೆ ಫೂಬಾರ್‌ನ ಐಪಾಡ್ ಮ್ಯಾನೇಜರ್‌ನಂಥ, ಡೇಟಾಬೇಸ್ ಓದಬಲ್ಲ ಪ್ರೋಗ್ರಾಂ ಹಿಡಿಯಬೇಕು.

ಆರಿಸಿದ ಮೇಲೆ

ಇಡೀ ಸಂಗ್ರಹ ಸಾಗಿಸುವ ಮೊದಲು ಮೂವತ್ತು ಹಾಡುಗಳ ಒಂದು ಪರೀಕ್ಷಾ ಫೋಲ್ಡರ್ ಮಾಡಿ. ಎರಡು ಡಿಸ್ಕ್‌ಗಳ ಒಂದು ಆಲ್ಬಂ, ಹಲವು ಗಾಯಕರ ಒಂದು ಸಂಕಲನ, ಒಂದೆರಡು ಫ್ಲ್ಯಾಕ್, ಕನ್ನಡದಲ್ಲಿ ಟ್ಯಾಗ್ ಇರುವ ನಾಲ್ಕು ಹಾಡು, ಹೆಸರಲ್ಲಿ ಪ್ರಶ್ನೆ ಚಿಹ್ನೆ ಇರುವ ಒಂದು, ನಡುವೆ ಬಿಡುವಿಲ್ಲದೆ ಸಾಗುವ ಒಂದು ಲೈವ್ ಧ್ವನಿಮುದ್ರಣ, ಒಂದು ಪ್ಲೇಲಿಸ್ಟ್ ಅದರಲ್ಲಿರಲಿ. ಕಳುಹಿಸಿ, ಸುರಕ್ಷಿತವಾಗಿ ಇಜೆಕ್ಟ್ ಮಾಡಿ, ಪ್ಲೇಯರ್‌ನಲ್ಲೇ ಒಂದೊಂದಾಗಿ ನೋಡಿ. ಆಮೇಲೆ ಕಂಪ್ಯೂಟರ್‌ನಲ್ಲಿ ಒಂದು ಹಾಡಿನ ಟ್ಯಾಗ್ ತಿದ್ದಿ, ಇನ್ನೊಂದನ್ನು ಅಳಿಸಿ, ಮತ್ತೆ ಸಿಂಕ್ ಕೊಡಿ. ತಿದ್ದಿದ್ದು ಬದಲಾಗಿ, ಅಳಿಸಿದ್ದು ಮಾತ್ರ ಹೋಗಿ, ಮಿಕ್ಕದ್ದು ಇದ್ದಲ್ಲೇ ಇದ್ದರೆ ಆ ಪ್ರೋಗ್ರಾಂ ನಿಮ್ಮ ಪ್ಲೇಯರ್‌ಗೆ ಒಗ್ಗುತ್ತದೆ. ಎರಡೆರಡು ಪ್ರತಿ ಕಾಣಿಸಿಕೊಂಡರೆ ಫೋಲ್ಡರ್ ಹೆಸರಿನ ನಮೂನೆಯನ್ನೂ ಸಮಯದ ವಿನಾಯಿತಿಯನ್ನೂ ಸರಿಪಡಿಸಿ, ಪರೀಕ್ಷಾ ಫೋಲ್ಡರ್ ಅಳಿಸಿ, ಇನ್ನೊಮ್ಮೆ ಮೊದಲಿನಿಂದ ನೋಡಿ.